ಮಾಳಿಗೆಯ ಮಣ್ಣಿನಲ್ಲಿ ಸಿಕ್ಕ ಊರು

ಮಹಾಮಾಯಾ ಔರಾದಿನ ಹೈಸ್ಕೂಲೊಂದರಲ್ಲಿ ಹೊಲಿಗೆ ಕಲಿಸುತ್ತಾಳೆ. ಅವಳ ಊರು ಭಾಲ್ಕಿ ತಾಲ್ಲೂಕಿನಲ್ಲಿ, ಹಲಬರ್ಗಾದಿಂದ ಹೆಚ್ಚು ದೂರವಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿ ಗೆದ್ದವರೂ ಸೋತವರೂ ಇಂದಿಗೂ ಒಂದೇ ಗಿರಣಿಯಲ್ಲಿ ಹಿಟ್ಟು ಬೀಸಿಸಿಕೊಳ್ಳಬೇಕು.

ಅವಳನ್ನು ಮೆದು ಮಾತಿನವಳು ಎಂದು ಯಾರೂ ಹೊಗಳಿಲ್ಲ. ಓರೆಯಾದ ಹೊಲಿಗೆಯನ್ನು ಹಾಕಿದವಳ ಕೈಯಿಂದಲೇ ಬಿಚ್ಚಿಸುತ್ತಾಳೆ. ಹುಡುಗಿಗೆ ಅಳು ಬಂದರೆ, ಅತ್ತು ಮುಗಿಸಿ ಆಮೇಲೆ ಬಿಚ್ಚು ಎನ್ನುತ್ತಾಳೆ. ತಂದೆ ಕಾಶೀರಾಮ ಬೌದ್ಧ ಧರ್ಮಕ್ಕೆ ಬಂದ ಮೊದಲ ತಲೆಮಾರಿನವರು. ಮಕ್ಕಳೆಲ್ಲರನ್ನೂ ಓದಿಸಿದರು. ಅವರ ಕೇರಿಯ ಮನೆಗಳಲ್ಲಿ ಈಗ ಶಿಕ್ಷಕರಿದ್ದಾರೆ, ಬ್ಯಾಂಕಿನವರಿದ್ದಾರೆ, ಹೊಲ ಮಾಡುವವರಿದ್ದಾರೆ. ಅವರಲ್ಲಿ ಇಲ್ಲದ್ದು ಒಂದೇ: ತಾವು ಈ ಊರಿಗೆ ಯಾವಾಗ ಬಂದೆವು ಎಂಬ ಪ್ರಶ್ನೆಗೆ ಉತ್ತರ. ಊರವರು ಆ ಉತ್ತರವನ್ನು ಆಗಲೇ ಸಿದ್ಧ ಮಾಡಿ ಇಟ್ಟಿದ್ದರು: ನೀವು ಆಮೇಲೆ ಬಂದವರು.

ಮಹಾಮಾಯಾಳ ಅಜ್ಜಿ ಬೇರೆಯೇ ಹೇಳುತ್ತಿದ್ದಳು. ಹಳ್ಳದ ಆಚೆಯ ದಿಬ್ಬವೇ ತಮ್ಮ ಮೂಲ ನೆಲೆ, ಪ್ಲೇಗಿನ ಕಾಲಕ್ಕೆ ಅದನ್ನು ಬಿಟ್ಟು ಈಚೆ ಬಂದೆವು ಎಂದು. ಸರ್ಕಾರದ ಕಾಗದದಲ್ಲಿ ಆ ದಿಬ್ಬ ಗಾಯರಾಣ, ಎಂದರೆ ದನ ಮೇಯುವ ಜಾಗ. ಮೊನ್ನೆ ಮೊನ್ನೆ ಪಂಚಾಯ್ತಿಯು ಅದನ್ನು ಸಮ ಮಾಡಿ ತೊಗರಿ, ಸೋಯಾ ಇಡುವ ಗೋದಾಮು ಕಟ್ಟುವುದೆಂದು ಠರಾವು ಮಾಡಿತು. ಅಧ್ಯಕ್ಷ ವೀರಭದ್ರ ಸಾವುಕಾರ ಸಭೆಯಲ್ಲಿ ಅಲ್ಲಿ ಎಂದೂ ಯಾರೂ ವಾಸವಿರಲಿಲ್ಲ ಎಂದು ಬರೆಸಿದ. ಗೋದಾಮಿನ ಬಗ್ಗೆ ಮಹಾಮಾಯಾಳಿಗೆ ತಕರಾರಿರಲಿಲ್ಲ. ಆ ಒಂದು ಸಾಲಿನ ಬಗ್ಗೆ ಇತ್ತು. ದಿಬ್ಬ ಹೋದರೆ ಸಾಲು ಉಳಿಯುತ್ತದೆ. ಮುಂದೆ ಯಾರೂ ಅದನ್ನು ಸುಳ್ಳೆನ್ನಲಾರರು.

ಅವಳು ನೇರವಾಗಿ ಬೀದರಿಗೆ ಹೋಗಿ ಆತೀಫನನ್ನು ಹಿಡಿದಳು. ಆತೀಫ ಬೀದರ ನಗರದವನೇ, ಪುರಾತತ್ತ್ವದ ಸಂಶೋಧಕ. ಬೀದರಿನ ಕೋಟೆಯನ್ನು, ಗುಂಬಜಗಳನ್ನು ಅಳೆದವರು ಬಹಳ ಮಂದಿ. ಆ ಕೋಟೆಗೆ ಜೋಳ ಬೆಳೆದು ಕೊಟ್ಟವರು ಎಲ್ಲಿ ಮಲಗುತ್ತಿದ್ದರು, ಯಾವ ಗಡಿಗೆಯಲ್ಲಿ ಬೇಳೆ ಬೇಯಿಸುತ್ತಿದ್ದರು ಎಂದು ಕೇಳಿದವರು ಕಡಿಮೆ. ಆತೀಫ ಮತ್ತು ಅವನ ಸಂಗಡಿಗರು ಈಚಿನ ಕೆಲವು ವರ್ಷಗಳಿಂದ ಅದನ್ನೇ ಹುಡುಕುತ್ತಿದ್ದಾರೆ. ಊರಿನವರನ್ನು ಜೊತೆಗೆ ಕೂಡಿಸಿಕೊಳ್ಳದೆ ಎಲ್ಲಿಯೂ ಗುದ್ದಲಿ ಹಾಕುವುದಿಲ್ಲ. ಅವನು ಅನುಮತಿ ಪಡೆದು ದಿಬ್ಬದ ಮೇಲೆ ಸಣ್ಣದೊಂದು ಗುಂಡಿ ತೆಗೆದ. ಸಿಕ್ಕಿದ್ದು ಸಾಲು ತಪ್ಪಿದ ಬುನಾದಿಯ ಕಲ್ಲು, ಒಂದು ಒಲೆಯ ಬುಡ, ಒಲೆಯೊಳಗೆ ಅರ್ಧ ಒಡೆದ ಗಡಿಗೆ. ಗಡಿಗೆಯ ಕೊರಳಿಗೆ ಯಾರೋ ಹೆಬ್ಬೆರಳೊತ್ತಿ ಹಗ್ಗದಂಥ ಏಣು ಮಾಡಿದ್ದರು. ದಿಬ್ಬದ ಮೇಲಿನ ಪದರವೆಲ್ಲ ಮಾಯವಾಗಿತ್ತು.

ಆತೀಫ ಮುಚ್ಚುಮರೆ ಮಾಡಲಿಲ್ಲ. ಇಷ್ಟರಿಂದ ಸಾಲದು, ಕುರಿ ಕಾಯುವವನು ನಾಲ್ಕು ದಿನ ತಂಗಿದ ಜಾಗ ಎಂದುಬಿಡುತ್ತಾರೆ ಎಂದ. ದಿಬ್ಬದ ಮೈ ಎಲ್ಲಿ ಹೋಯಿತೆಂಬುದು ಇಬ್ಬರಿಗೂ ಗೊತ್ತಿತ್ತು. ಈ ಸೀಮೆಯಲ್ಲಿ ಅದು ಮಕ್ಕಳಿಗೂ ಗೊತ್ತು. ನಮ್ಮ ಹೊಲದ ಎರೆಮಣ್ಣನ್ನು ಮಾಳಿಗೆಗೆ, ಎಂದರೆ ಮನೆಯ ಮಟ್ಟಸ ಚಾವಣಿಗೆ, ಹಾಕಿದರೆ ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಸೋರುತ್ತದೆ. ಮಾಳಿಗೆಗೆ ಬೇಕಾದದ್ದು ಹಾಳಮಣ್ಣು: ಮನೆಗಳು ಬಿದ್ದು, ಗೋಡೆ, ಬೂದಿ, ಸಗಣಿ ಎಲ್ಲ ಕಲೆತು ಬೆಳ್ಳಗಾದ ಮಣ್ಣು. ಜನ ಬಾಳಿ ಬಿಟ್ಟ ನೆಲದಲ್ಲಿ ಬಿಟ್ಟು ಬೇರೆ ಕಡೆ ಅದು ಸಿಗುವುದಿಲ್ಲ. ತಲೆಮಾರುಗಟ್ಟಲೆ ಬಂಡಿಗಳು ದಿಬ್ಬವನ್ನು ಹೊತ್ತು ಊರಿನ ತಲೆಯ ಮೇಲೆ ಹಾಸಿದ್ದವು.

ಕೇರಿಯವರೂ ಹಾಸಿಕೊಂಡಿದ್ದರು. ಆಮೇಲೆ ಸ್ಲ್ಯಾಬ್ ಹಾಕಿಸುವಾಗ ಆ ಮಣ್ಣನ್ನು ತಗ್ಗು ತುಂಬಲು ರಸ್ತೆಗೆ ಸುರಿದರು. ಮಹಾಮಾಯಾಳ ಮನೆಯದೂ ಅಲ್ಲಿಗೇ ಹೋಗಿತ್ತು. ಊರಿನಲ್ಲಿ ಮಣ್ಣಿನ ಮಾಳಿಗೆ ಉಳಿದಿದ್ದುದು ಒಂದೇ ಮನೆಗೆ, ವೀರಭದ್ರ ಸಾವುಕಾರನ ವಾಡೆಗೆ. ಅದರ ಹಿಂಭಾಗವನ್ನು ಅವನು ಆ ಬೇಸಿಗೆಯಲ್ಲೇ ಕೆಡವಿಸುತ್ತಿದ್ದ.

ಮಹಾಮಾಯಾ ಆತೀಫನನ್ನು ಕರೆದುಕೊಂಡು ವಾಡೆಗೆ ಹೋದಳು. ಕಟ್ಟೆಯ ಮೇಲೆ ವೀರಭದ್ರನ ತಾಯಿ ಗುಂಡಮ್ಮ ಕೂತಿದ್ದಳು, ಕೊರಳಲ್ಲಿ ಲಿಂಗ, ಬಾಯಲ್ಲಿ ಅಡಿಕೆ.

“ಆಯಿ, ನಿಮ್ಮ ಮಾಳಗಿ ಮಣ್ಣ ನಮಗ ಬೇಕರಿ.”

“ಬಂಗಾರ ಕೇಳವ್ವ, ಕೊಡಂಗಿಲ್ಲ ಅಂತೇನಿ. ಮಣ್ಣ ಕೇಳಿದ್ರ ಏನನ್ಲಿ? ಏ ವೀರಭದ್ರ, ಟೀಚರಬಾಯಿ ನಿನ್ನ ತೆಲಿಮ್ಯಾಲಿಂದು ಬೇಡಾಕ ಬಂದಾಳ, ನೋಡ ಬಾ.”

ವೀರಭದ್ರ ಹೊರಗೆ ಬಂದು ನಕ್ಕ. ಮಣ್ಣು ಸಾಗಿಸುವ ತಾಪತ್ರಯ ತಪ್ಪಿತಲ್ಲ ಎಂದುಕೊಂಡಿರಬೇಕು. ಅಲ್ಲಿಗೇ ನಿಲ್ಲಿಸಿದ್ದರೆ ಅವನಿಗೆ ಒಳಿತಿತ್ತು. ಆದರೆ ಈ ಕಡೆಯ ಗೃಹಸ್ಥನಿಗೆ ಹೊಸಬರ ಮುಂದೆ ತನ್ನ ಮಾಳಿಗೆಯನ್ನು ಹೊಗಳದೆ ಇರಲಾಗದು.

“ತಗೊಂಡ್ ಹೋಗ್ರಿ. ಆದ್ರ ಅಂಥಾ ಮಣ್ಣ ಈ ಸೀಮ್ಯಾಗ ಇಲ್ಲ, ತಿಳೀರಿ. ನಮ್ಮ ಮುತ್ಯಾ ಖಾಸ್ ಆ ದಿಬ್ಬದ್ದೇ ತರಿಸಿದ್ದ. ಅವಾ ವಾಡೆ ಕಟ್ಟಿದಾಗಿಂದ ಇವತ್ತಿನತನ ಒಂದ್ ಹನಿ ಸೋರಿಲ್ಲ.”

ಆತೀಫ ಏನೋ ಹೇಳಲು ಬಾಯಿ ತೆರೆದ. ಮಹಾಮಾಯಾ ಅವನ ಕಡೆ ನೋಡಿದಳು, ಮುಚ್ಚಿದ. ಗುಂಡಮ್ಮ ಮಾತ್ರ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಮಗನನ್ನು ಒಂದು ಗಳಿಗೆ ದಿಟ್ಟಿಸಿದಳು.

ಮಣ್ಣು ಜರಡಿ ಹಿಡಿಯುವ ಕೆಲಸ ವಾಡೆಯ ಅಂಗಳದಲ್ಲೇ ಆಗಬೇಕಾಯಿತು. ಕೇರಿಯ ಹೆಂಗಸರು ಮೊದಲು ಒಪ್ಪಲಿಲ್ಲ. ಅವರ ಅಜ್ಜಿಯರು ವಾಡೆಯ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು, ಆ ಅಂಗಳಕ್ಕೆ ಕಾಲಿಡುವಂತಿರಲಿಲ್ಲ, ಹೊರಗೆ ನಿಂತು ಜೋಳ ಹಾಕಿಸಿಕೊಳ್ಳುತ್ತಿದ್ದರು. ಕೂಲಿ ಮಾಡಲು ಹೋಗುತ್ತಿಲ್ಲ, ನಮ್ಮ ಮನೆ ಹುಡುಕಲು ಹೋಗುತ್ತಿದ್ದೇವೆ ಎಂದು ಮಹಾಮಾಯಾ ಹೇಳಿದಳು. ಅವಳ ತಂಗಿ ಮನಿಷಾ ಮೊದಲು ಎದ್ದಳು, ಉಳಿದವರು ಹಿಂದೆ ಬಂದರು. ಮಧ್ಯಾಹ್ನ ಗುಂಡಮ್ಮ ನೀರಿನ ಕೊಡ, ಲೋಟ ತರಿಸಿ ನಡುವೆ ಇಡಿಸಿದಳು. ಅದೇ ಲೋಟದಲ್ಲಿ ತಾನೂ ಕುಡಿದಳು.

ಜರಡಿಯಲ್ಲಿ ಗಾಜಿನ ಬಳೆಯ ಚೂರುಗಳು ನಿಂತವು, ನೂಲುವ ಕದಿರಿನ ಮಣ್ಣಿನ ಬಿಲ್ಲೆ ನಿಂತಿತು, ಒಡೆದ ಚಿಲುಮೆಗಳು, ಗಡಿಗೆಯ ಲೆಕ್ಕವಿಲ್ಲದಷ್ಟು ಬೋಕಿ, ಎಂದರೆ ಒಡಕು ಚೂರು. ಆತೀಫ ಅವಕ್ಕೆ ಗುರುತು ಹಾಕುವುದನ್ನು ಕಲಿಸಿದ. ಜಾಗ ಬಿಟ್ಟು ಬಂದ ಮಣ್ಣು ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲಾರದು; ಆದರೆ ಇಲ್ಲಿಯ ಒಂದು ಬೋಕಿ ಗುಂಡಿಯ ಗಡಿಗೆಗೆ ಕೂಡಿದರೆ ಅದನ್ನು ಯಾರೂ ಅಲ್ಲಗಳೆಯಲಾಗದು ಎಂದ. ಮಹಾಮಾಯಾ ತನ್ನ ಮನೆಯ ಪಡಸಾಲೆಯಲ್ಲಿ ಚಾದರ ಹಾಸಿ ಬೋಕಿಗಳನ್ನು ದಪ್ಪ, ಬಣ್ಣ, ಬಾಗು ನೋಡಿ ವಿಂಗಡಿಸಿದಳು. ಕೂಡಿತು ಎಂದುಕೊಂಡದ್ದು ಕೂಡಲಿಲ್ಲ. ಹೆಂಗಸರಿಗೆ ಬೇಸರ ಬಂತು. ಇನ್ನೊಂದು ಸಲ ಹರವಿಸಿದಳು. ಮರುವಾರ ಶಾಲೆಯಿಂದ ಬಂದವಳೇ ಕೈಕಾಲು ತೊಳೆಯದೆ ಕೂತಳು, ಹೆಬ್ಬೆರಳೊತ್ತಿದ ಏಣಿನ ಒಂದು ಚೂರು ಎತ್ತಿ ಗಡಿಗೆಯ ಅಂಚಿಗೆ ಹಿಡಿದಳು. ಕೂಡಿತು. ಕೂದಲು ತೂರುವಷ್ಟೂ ಸಂದಿ ಉಳಿಯಲಿಲ್ಲ. ಆತೀಫ ಕೂಗಲಿಲ್ಲ, ಕುಣಿಯಲಿಲ್ಲ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ.

ಠರಾವಿನ ಆ ಸಾಲಿನ ವಿರುದ್ಧ ಮಹಾಮಾಯಾ ತಹಶೀಲಿಗೆ ಅರ್ಜಿ ಕೊಟ್ಟಿದ್ದಳು. ಪಂಚನಾಮೆಯ ದಿನ ಕಂದಾಯ ಇಲಾಖೆಯ ಗಿರ್ದಾವರರು ಜಾಗ ನೋಡಲು ಬಂದರು. ದಿಬ್ಬದ ಮೇಲೆ ಅರ್ಧ ಊರು ಸೇರಿತ್ತು. ಗುಂಡಮ್ಮ ಹಟ ಮಾಡಿ ಟಂಟಂ ಆಟೋ ಹತ್ತಿ ಬಂದಿದ್ದಳು. ಮಹಾಮಾಯಾ ಗಡಿಗೆ ಇಟ್ಟಳು, ಚೂರು ಕೂಡಿಸಿ ತೋರಿಸಿದಳು. ವೀರಭದ್ರ ಬಗ್ಗಲಿಲ್ಲ. ಒಂದು ಗಡಿಗೆ ಒಡೆದದ್ದರಿಂದ ಊರು ಇತ್ತೆಂದು ಆಗುತ್ತದೆಯೇ, ಯಾವನೋ ಕುರಿಯವನು ರೊಟ್ಟಿ ಸುಟ್ಟು ಹೋಗಿರಬೇಕು ಎಂದ. ಗಿರ್ದಾವರರ ಪೆನ್ನು ನಿಂತಿತು.

“ಸಾವುಕಾರ್ರ, ಒಂದ ಕೇಳ್ತೇನಿ,” ಎಂದಳು ಮಹಾಮಾಯಾ. “ನಿಮ್ಮ ಮಾಳಗಿ ಯಾಕ ಸೋರ್ಲಿಲ್ಲರಿ?”

ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಹಿಂದೆ ನಿಂತ ರೈತರಲ್ಲಿ ಒಬ್ಬ ನಕ್ಕ, ನಗು ದಿಬ್ಬದ ಕೆಳಗಿನವರೆಗೆ ಇಳಿಯಿತು. ವೀರಭದ್ರ ನೆಲ ನೋಡಿದ. ಸೋರಿತ್ತು ಎಂದರೆ ವಾಡೆ ಕಟ್ಟಿದ ಮುತ್ಯಾನ ಮಾನ ಹೋಗುತ್ತದೆ. ಸೋರಲಿಲ್ಲ ಎಂದರೆ ದಿಬ್ಬ ಹೋಗುತ್ತದೆ.

“ಹೇಳೋ,” ಎಂದಳು ಗುಂಡಮ್ಮ. “ಕುರಿಯವ ಒಂದಿನ ರೊಟ್ಟಿ ಸುಟ್ಟ ಬೂದ್ಯಾಗ ವಾಡೆದ ಮಾಳಗಿ ಆಗ್ತದೇನು? ಮಂದಿ ಹುಟ್ಟಿ ಸತ್ತ ಮಣ್ಣದು. ನಾ ಮದವಿಯಾಗಿ ಬಂದಾಗಿಂದ ಅದರ ಕೆಳಗ ಮಲಗೇನಿ.”

ವೀರಭದ್ರ ಕಾಲ್ತುದಿಯಿಂದ ಒಂದು ಹೆಂಟೆ ಪುಡಿ ಮಾಡಿದ. ಕೊನೆಗೆ, “ಸೋರಿಲ್ಲ ಬಿಡ್ರಿ,” ಎಂದ.

ಗಿರ್ದಾವರರು ಗಾಯರಾಣ ಎಂಬಲ್ಲಿ ಪೂರ್ವದಲ್ಲಿ ವಸತಿ ಇದ್ದ ಜಾಗ ಎಂದು ಬರೆದರು. ಹಳೇ ಕೇರಿ ಎಂದು ಸೇರಿಸಲೇ ಎಂದು ಕೇಳಿದರು. ಮಹಾಮಾಯಾ ಬೇಡವೆಂದಳು.

“ಊರು ಅಂತ ಬರೀರಿ. ವಾಡೆ ಕಟ್ಟೂದ್ರಾಗ ಇದು ಹಾಳಾಗಿ ಬೆಳ್ಳಗಾಗಿತ್ತು. ಮೊದಲ ಇದ್ದದ್ದು ಇದೇ.”

ವೀರಭದ್ರ ತಾಯಿಯನ್ನು ನೋಡಿದ, ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದ. ಹಳೇ ಊರು ಎಂದೇ ದಾಖಲಾಯಿತು. ಗೋದಾಮು ಡಾಂಬರು ರಸ್ತೆಯ ಪಕ್ಕಕ್ಕೆ ಹೋಯಿತು; ಲಾರಿ ತಿರುಗಿಸಲು ಅದೇ ಅನುಕೂಲ ಎಂದು ಈಗ ಅವನೇ ಹೇಳಿಕೊಳ್ಳುತ್ತಾನೆ.

ಮುಂದಿನ ಚಳಿಗಾಲ ಆತೀಫನ ಸಂಗಡ ಅಗೆದವರು ಆ ಊರಿನ ಹೆಂಗಸರೇ. ಕಮಠಾಣ, ಭಾತಂಬ್ರಾ ಕಡೆಯವರು ಮಾಳಿಗೆ ಕೀಳುವ ಮುನ್ನ ಮಹಾಮಾಯಾಳಿಗೆ ಫೋನು ಮಾಡುತ್ತಾರೆ. ದಿಬ್ಬದಲ್ಲಿ ಬುನಾದಿಯ ಎರಡು ಸಾಲು ಬಿಚ್ಚಿಕೊಂಡವು, ನಡುವೆ ಕಲ್ಲು ಹಾಸಿದ ಓಣಿ. ಅದನ್ನು ನೋಡಲು ಅವಳು ಔರಾದಿನಿಂದ ತನ್ನ ವಿದ್ಯಾರ್ಥಿನಿಯರನ್ನು ಕರೆತಂದಳು. ಓಣಿಗೆ ಇಳಿಯುವ ಮುಂಚೆ ವಿಶಾಖಾ ಎಂಬ ಹುಡುಗಿ ಚಪ್ಪಲಿ ಕಳಚಲು ಬಗ್ಗಿದಳು.

“ಯಾಕ?” ಎಂದಳು ಮಹಾಮಾಯಾ. “ಇದು ನಮ್ಮ ಓಣಿ. ಹಾಕ್ಕೊಂಡೇ ನಡಿ.”