ಬೊಚ್ಚುಬಾಯಿ ಸ್ಟಾಂಪು

ಮುನಿರಾಮಪ್ಪನವರ ಅಂಗಿಯ ಗುಂಡಿಗಳನ್ನು ಈಚೆಗೆ ಹೆಂಡತಿ ರಾಮಲಕ್ಷ್ಮಮ್ಮನೇ ಹಾಕಿಕೊಡುತ್ತಿದ್ದರು. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ. ಒಂದು ದಿನ ಆತ ಗುಂಡಿಯ ಜೊತೆ ಗುದ್ದಾಡುತ್ತ ನಿಂತಿದ್ದನ್ನು ನೋಡಿ, ಒಗ್ಗರಣೆ ಹಾಕುವುದನ್ನು ಬಿಟ್ಟು ಬಂದು ಹಾಕಿದರು; ಅಂದಿನಿಂದ ಅದೇ ರೂಢಿಯಾಯಿತು. ಶಿವಾರಪಟ್ಟಣದಲ್ಲಿ ಹೆಚ್ಚುಕಡಿಮೆ ಐವತ್ತು ವರ್ಷ ದೇವರುಗಳಿಗೆ ಸರ, ಉಂಗುರ, ಕಾಲ್ಗೆಜ್ಜೆ, ಎಲ್ಲವನ್ನೂ ಕಲ್ಲಿನಲ್ಲೇ ತೊಡಿಸಿದ ಮನುಷ್ಯ ತನ್ನ ಅಂಗಿಗೆ ಇನ್ನೊಬ್ಬರ ಕೈ ಕಾಯಬೇಕಾಗಿ ಬಂತು. ಕೇಳಿದವರಿಗೆ, ಬೆಳಗ್ಗೆ ಬೆರಳಿಗೆ ಜೋಮು ಹಿಡಿಯುತ್ತೆ, ಬಿಸಿಲೇರಿದರೆ ಸರಿಹೋಗುತ್ತೆ ಎನ್ನುತ್ತಿದ್ದರು. ಬಿಸಿಲು ದಿನಾ ಏರುತ್ತಿತ್ತು, ಬೆರಳು ಸರಿಹೋಗುತ್ತಿರಲಿಲ್ಲ.

ಮಾಲೂರಿನ ಡಾಕ್ಟರು ಅರ್ಧ ತಪ್ಪನ್ನು ಸಕ್ಕರೆ ಕಾಯಿಲೆಯ ಮೇಲೂ ಇನ್ನರ್ಧವನ್ನು ಕಲ್ಲು ಉಜ್ಜುವ ಮಿಷನ್ನಿನ ಮೇಲೂ ಹಾಕಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗುವುದೇನೂ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಶೆಡ್ಡಿನಲ್ಲಿ ನಿಂತಿದ್ದ ಗಂಗಮ್ಮನದು. ರಾಯಲ್ಪಾಡಿನ ಕಡೆಯವರು ಮಾಡಿಸಿದ ಮೂರ್ತಿ. ಕೆಲಸವೆಲ್ಲ ಮುಗಿದಿತ್ತು, ಕಣ್ಣು ಮಾತ್ರ ಬಿಡಿಸಿರಲಿಲ್ಲ. ಆ ಶೆಡ್ಡಿನಲ್ಲಿ ಕಣ್ಣು ಬಿಡಿಸುವುದು ಕೊನೆಯ ಕೆಲಸ, ಅದನ್ನು ಮನೆಯ ಹಿರಿಯನೇ ಮಾಡಬೇಕು. ರೆಪ್ಪೆಯ ಗೆರೆ ಕೂದಲೆಳೆಯಷ್ಟು. ಅದನ್ನು ಕಣ್ಣಿನಿಂದ ನೋಡಿ ಕೆತ್ತುವುದಲ್ಲ, ಎಡಗೈ ಹೆಬ್ಬೆರಳಿನಿಂದ ತಡವಿಕೊಂಡು ಕೆತ್ತುವುದು. ಉಳಿ ಜಾರಿದರೆ ಮೂರ್ತಿ ಭಿನ್ನವಾಯಿತು. ಭಿನ್ನವಾದದ್ದನ್ನು ಯಾವ ಗುಡಿಯಲ್ಲೂ ಇಡುವುದಿಲ್ಲ. ರಾಯಲ್ಪಾಡಿನವರು ಬುಧವಾರ ಬರುವವರಿದ್ದರು.

“ಅಣ್ಣ, ಈ ಸಲ ನಾನು ಮಾಡ್ಲಾ?” ಎಂದು ತಮ್ಮ ಕಾಂತರಾಜ ಒಮ್ಮೆ ಮೆಲ್ಲಗೆ ಕೇಳಿದ್ದ. ಅವನಿಗೂ ಐವತ್ತು ದಾಟಿತ್ತು, ಹುಡುಗನಲ್ಲ.

“ಯಾಕೋ, ನಾನು ಸತ್ತೋಗಿದೀನಾ?” ಎಂದು ಮುನಿರಾಮಪ್ಪ ಬಾಯಿ ಮುಚ್ಚಿಸಿದ್ದರು. ಹಾಗೆ ಗದರುವಷ್ಟು ಧೈರ್ಯ ಅವರಿಗೆ ಬಂದದ್ದು ಒಂದು ಆಟದಿಂದ.

ಆ ಆಟ ಅಂಚೆಚೀಟಿಗಳದು. ಅಮರನಾಥ್ ಊರಿನ ಪೋಸ್ಟ್ ಮಾಸ್ಟರಾಗಿದ್ದವರು. ಆಗ ಅವರ ಮನೆಯ ಜಗಲಿಯೇ ಪೋಸ್ಟಾಫೀಸು. ಮೂರ್ತಿ ಬೇಕೆಂದು ಮಲೇಷ್ಯಾ, ಸಿಂಗಪುರ, ಅಮೆರಿಕದ ಗುಡಿಗಳವರು ಬರೆದ ಕಾಗದಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಕಾಗದ ಮುನಿರಾಮಪ್ಪನವರಿಗೆ, ಸ್ಟಾಂಪು ಅಮರನಾಥರಿಗೆ ಎಂದು ಒಪ್ಪಂದ. ಈಗ ಎಲ್ಲರೂ ಮೊಬೈಲಿನಲ್ಲೇ ಫೋಟೋ ಕಳಿಸಿ ಬೆಲೆ ಕೇಳುತ್ತಾರೆ, ಕಾಗದವೂ ಇಲ್ಲ, ಸ್ಟಾಂಪೂ ಇಲ್ಲ. ಉಳಿದದ್ದು ಅಮರನಾಥರ ಬಿಸ್ಕತ್ತಿನ ತಗಡಿನ ಡಬ್ಬಿ, ಮತ್ತೆ ಭಾನುವಾರದ ಈ ಆಟ. ಮುನಿರಾಮಪ್ಪ ಕಣ್ಣು ಮುಚ್ಚಿಕೊಳ್ಳಬೇಕು. ಅಮರನಾಥ್ ಒಂದು ಸ್ಟಾಂಪು ತೆಗೆದು ಅವರ ಬೆರಳಿಗೆ ಕೊಡಬೇಕು. ಅದರ ಅಂಚು ಯಾವ ಬಗೆಯದು ಎಂದು ಇವರು ಹೇಳಬೇಕು.

ಕಲ್ಲಿನವರಿಗೆ ಇದನ್ನು ಕಲಿಸಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಕಲ್ಲನ್ನು ಸೀಳಲು ಸಾಲಾಗಿ ತೂತು ಹೊಡೆದು ಬೆಣೆ ಇಡುತ್ತಾರಲ್ಲ, ಸ್ಟಾಂಪಿನ ಹಾಳೆಗೂ ಹಾಗೆಯೇ ಸಾಲು ತೂತು. ಹರಿದರೆ ಹಲ್ಲು ಉಳಿಯುತ್ತದೆ, ಹಲ್ಲಿನ ತುದಿಯಲ್ಲಿ ಕಾಗದದ ನವಿರು ನಾರು. ಕೆಲವು ಹಳೆಯ ಚೀಟಿಗಳಿಗೆ ತೂತಿಲ್ಲ, ಗೆರೆಯುದ್ದಕ್ಕೂ ಚಿಕ್ಕ ಚಿಕ್ಕ ಸೀಳು ಹಾಕಿರುತ್ತಾರೆ. ಅದರಲ್ಲಿ ಹಳ್ಳವಿರುವುದಿಲ್ಲ, ಅಂಚೆಲ್ಲ ಒರಟು. ಇನ್ನು ಈಚಿನ ಅಮೆರಿಕದ ಅಂಟು ಸ್ಟಾಂಪು ಮೋಸದ್ದು. ಹಲ್ಲಿನ ಹಾಗೆಯೇ ಅಲೆ ಅಲೆಯಾಗಿದ್ದರೂ ಅಚ್ಚಿನ ಬ್ಲೇಡಿನಲ್ಲಿ ಕೊಯ್ದದ್ದರಿಂದ ತುದಿಯಲ್ಲಿ ನಾರಿರುವುದಿಲ್ಲ. ಆ ನಾರು ತಾಗಿತೋ ಇಲ್ಲವೋ ಎನ್ನುವುದರಲ್ಲೇ ಆಟದ ಸೋಲು ಗೆಲುವು. ಕೊನೆಯದು ತೂತೂ ಸೀಳೂ ಇಲ್ಲದೆ, ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ್ದು. ಅದನ್ನು ಯಾರು ಬೇಕಾದರೂ ಹೇಳುತ್ತಾರೆ.

ಆ ಬಗೆಯದು ಡಬ್ಬಿಯಲ್ಲಿ ಒಂದೇ ಇತ್ತು, ಅದರ ಕತೆ ಊರಿಗೆಲ್ಲ ಗೊತ್ತಿತ್ತು. ಮುನಿರಾಮಪ್ಪ ಅಮರನಾಥರಿಗೆ ಕೊಟ್ಟ ಮೊಟ್ಟಮೊದಲ ಸ್ಟಾಂಪು ಅದು, ಸಿಂಗಪುರದ್ದು, ಮೇಲೊಂದು ಹೂವಿನ ಚಿತ್ರ. ಬೆಣೆಯ ಗುರುತು ಉಳಿದ ಕಲ್ಲನ್ನು ಗಿರಾಕಿಗೆ ಕೊಡುವುದು ಅವರ ಕಸುಬಿನಲ್ಲಿ ನಾಚಿಕೆಗೇಡು, ಅಂಚನ್ನು ಹೊಡೆದು ನಯ ಮಾಡಿಯೇ ಕೊಡಬೇಕು. ಹಾಗೆಂದು ಅವರು ಸ್ಟಾಂಪಿನ ಹಲ್ಲುಗಳನ್ನೆಲ್ಲ ಅಚ್ಚುಕಟ್ಟಾಗಿ ಕತ್ತರಿಸಿ, ನಯವಾಗಿಸಿ, ತಂದುಕೊಟ್ಟಿದ್ದರು. ಅಮರನಾಥ್ ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೊಚ್ಚುಬಾಯಿ ಎಂದು ಅದಕ್ಕೆ ಹೆಸರೂ ಇಟ್ಟು ಜೋಪಾನ ಮಾಡಿದ್ದರು.

ಬೆರಳಿಗೆ ಜೋಮು ಶುರುವಾದ ಮೇಲೆ ಮುನಿರಾಮಪ್ಪ ಯಾರಿಗೂ ಹೇಳದೆ ಆಟವನ್ನೇ ತಮ್ಮ ಪರೀಕ್ಷೆ ಮಾಡಿಕೊಂಡರು. ಸ್ಟಾಂಪಿನ ನಾರು ತಿಳಿದರೆ ರೆಪ್ಪೆಯ ಗೆರೆಯೂ ತಿಳಿಯುತ್ತದೆ ಎನ್ನುವುದು ಅವರ ಲೆಕ್ಕ. ಪ್ರತಿ ಭಾನುವಾರ ಅಮರನಾಥ್ ಸರಿ ಎನ್ನುತ್ತಿದ್ದರು. ತಾವು ಊಹೆಯ ಮೇಲೆ ಹೇಳುತ್ತಿದ್ದೇವೆ ಎಂಬ ಅನುಮಾನ ಇವರಿಗೆ ಇದ್ದೇ ಇತ್ತು. ಆದರೂ ಸರಿ ಎನ್ನುವ ಮಾತು ಕಿವಿಗೆ ಬಿದ್ದರೆ ಅದನ್ನು ನಂಬದೆ ಇರಲು ಯಾರಿಗೆ ಮನಸ್ಸು ಬರುತ್ತದೆ?

ಬುಧವಾರಕ್ಕೆ ಮೊದಲಿನ ಭಾನುವಾರ. ಮುನಿರಾಮಪ್ಪನವರು ತಮ್ಮ ಮನೆಯ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಬೆರಳ ನಡುವೆ ಏನೋ ಬಂದಂತಾಯಿತು. ತಿರುಗಿಸಿದರು, ಸವರಿದರು. ತೋಳಿನವರೆಗೂ ಆಯಾಸ ಏರಿತು.

“ಹಲ್ಲಿಂದು” ಎಂದರು.

“ಸರಿ” ಎಂದರು ಅಮರನಾಥ್.

ರಾಮಲಕ್ಷ್ಮಮ್ಮ ಕಾಫಿ ತಂದದ್ದು ಅದೇ ಹೊತ್ತಿಗೆ. ಲೋಟಗಳನ್ನು ಇಡುತ್ತಾ ಗಂಡನ ಕೈ ನೋಡಿ, “ಅಯ್ಯೋ, ಆ ಬೊಚ್ಚುಬಾಯೀನ ಇನ್ನೂ ಇಟ್ಕೊಂಡಿದೀರಾ ಮಾಸ್ಟ್ರೇ?” ಎಂದು ನಗುತ್ತಾ ಒಳಗೆ ಹೋದರು.

ಮುನಿರಾಮಪ್ಪ ಕಣ್ಣು ಬಿಟ್ಟರು. ಕೈಯಲ್ಲಿ ಸಿಂಗಪುರದ ಹೂವು, ತಾವೇ ಕತ್ತರಿಸಿದ ನೆಟ್ಟಗಿನ ಅಂಚು. ಇಬ್ಬರೂ ಕಾಫಿ ಮುಟ್ಟಲಿಲ್ಲ.

“ಯಾವಾಗಿಂದ ಸರಿ ಸರಿ ಅಂತಿದೀರಾ ಮಾಸ್ಟ್ರೇ?”

“ಯುಗಾದಿ ಆದ್ಮೇಲಿಂದ” ಎಂದರು ಅಮರನಾಥ್, ತಲೆ ಎತ್ತದೆ. “ನಿನ್ನ ಮುಖ ನೋಡಿ ತಪ್ಪು ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ ಕಣಯ್ಯ. ಇವತ್ತಾದ್ರೂ ಗೆಲ್ಲಲಿ ಅಂತ ಇರೋದ್ರಲ್ಲಿ ಸುಲಭದ್ದೇ ಕೊಟ್ಟೆ.”

“ನೀವು ಸರಿ ಅಂದಿದ್ದ ನಂಬ್ಕೊಂಡು ಬುಧವಾರ ಗಂಗಮ್ಮನ ಮುಂದೆ ಉಳಿ ಹಿಡ್ಕೊಂಡು ನಿಲ್ತಿದ್ದೆ.”

ಅಮರನಾಥ್ ಡಬ್ಬಿಯ ಮುಚ್ಚಳ ಹಾಕಿದರು. “ಆಟ ಅಂದ್ಕೊಂಡಿದ್ದೆ” ಎಂದಷ್ಟೇ ಅಂದರು. ಮುನಿರಾಮಪ್ಪನವರಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಒಂದಿಷ್ಟು ಕಸುವು ಬೇಕಲ್ಲ, ಅದೂ ಉಳಿದಿರಲಿಲ್ಲ. ದುಃಖವಾಯಿತು, ಜೊತೆಗೆ ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ನಿರಾಳವೂ ಆಯಿತು. ಸ್ಟಾಂಪನ್ನು ಅಮರನಾಥರ ಅಂಗೈಯಲ್ಲಿಟ್ಟು ಶೆಡ್ಡಿನ ಕಡೆ ನಡೆದರು.

ಕಾಂತರಾಜ ಗಂಗಮ್ಮನ ಪೀಠಕ್ಕೆ ಎಣ್ಣೆ ಹಚ್ಚುತ್ತಿದ್ದ. ಮುನಿರಾಮಪ್ಪ ಗೂಡಿನಿಂದ ಬಟ್ಟೆ ಸುತ್ತಿದ ಸಣ್ಣ ಉಳಿಯನ್ನು ತೆಗೆದು ಅವನ ಮುಂದೆ ಹಿಡಿದರು. ಅವರ ಅಪ್ಪನ ಕೈಯಿಂದ ಬಂದ ಉಳಿ ಅದು.

“ಬುಧವಾರ ನೀನೇ ಮಾಡು.”

“ಏನಾಯ್ತಣ್ಣ?”

“ಏನಿಲ್ಲ. ಎಣ್ಣೆ ಕೈ ಒರೆಸ್ಕೊಂಡು ಹಿಡ್ಕೋ.”

ಬುಧವಾರ ಶೆಡ್ಡಿಗೆ ಪರದೆ ಕಟ್ಟಿದರು. ಉಪವಾಸವಿದ್ದ ಕಾಂತರಾಜ ಹೆಬ್ಬೆರಳನ್ನು ಗಂಗಮ್ಮನ ರೆಪ್ಪೆಯ ಮೇಲಿಟ್ಟ. ಪಕ್ಕದಲ್ಲಿ ದೀಪ ಹಿಡಿದು ನಿಂತ ಮುನಿರಾಮಪ್ಪನವರ ಹೆಬ್ಬೆರಳೂ ತನ್ನಷ್ಟಕ್ಕೆ ತಾನೇ ಪಂಚೆಯ ಮೇಲೆ ಸರಿದಾಡುತ್ತಿತ್ತು. ತಮ್ಮನ ಉಳಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಪರದೆ ಸರಿಸಿದಾಗ ರಾಯಲ್ಪಾಡಿನ ಹಿರಿಯರೊಬ್ಬರು ಕೈ ಮುಗಿದು, “ಕಳ್ಳು ಶಾನಾ ಬಾಗುನ್ನಾಯಿ” ಎಂದು ತೆಲುಗಿನಲ್ಲಿ ಕಣ್ಣುಗಳನ್ನು ಹೊಗಳಿ, “ನಿಮ್ಮ ಕೈ ಅಂದ್ರೆ ಕೈಯೇ ಸ್ವಾಮಿ” ಎಂದರು.

“ನಂದಲ್ಲ, ತಮ್ಮಂದು” ಎಂದರು ಮುನಿರಾಮಪ್ಪ. ದೀಪವನ್ನು ಕೆಳಗಿಟ್ಟು ಹೊರಗೆ ಬಂದರು.

ಮುಂದಿನ ಭಾನುವಾರ ಅಮರನಾಥ್ ಬರುವರೋ ಇಲ್ಲವೋ ಎಂದು ಮುನಿರಾಮಪ್ಪ ಅಂದುಕೊಂಡಿದ್ದರು. ಅವರು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಜಗಲಿಯಲ್ಲಿ ಕೂತರು. ಮುನಿರಾಮಪ್ಪನವರೇ ಕಣ್ಣು ಮುಚ್ಚಿ ಕೈ ಚಾಚಿದರು.

“ಕೊಡಿ. ತಪ್ಪಾದ್ರೆ ತಪ್ಪು ಅನ್ನಬೇಕು.”

ಬೆರಳಿನ ನಡುವೆ ಒಂದು ಚೀಟಿ ಬಂತು. ಬಹಳ ಹೊತ್ತು ತಿರುಗಿಸಿದರು.

“ಗೊತ್ತಾಗ್ತಿಲ್ಲ ಮಾಸ್ಟ್ರೇ.”

“ಹಲ್ಲಿಂದು” ಎಂದರು ಅಮರನಾಥ್. ಚೀಟಿಯನ್ನು ಮೆಲ್ಲಗೆ ಬಿಡಿಸಿಕೊಂಡು ಡಬ್ಬಿಗೆ ಹಾಕಿ, ಇನ್ನೊಂದನ್ನು ತೆಗೆದುಕೊಟ್ಟರು.