ಕೊಯ್ಲಿನ ದಿನ ಯಾರದು

ಹೊಟ್ಟೆಕಿಚ್ಚು ಪಡಲು ಬೇರೆಯವರಿಗೆ ನೆರೆಮನೆಯವನ ಕಾರು, ತಮ್ಮನ ಸೈಟು, ಓರಗಿತ್ತಿಯ ಬಂಗಾರ ಸಿಗುತ್ತವೆ. ನನಗೆ ಸಿಕ್ಕಿದ್ದು ತ್ರ್ಯಂಬಕೇಶ್ವರದ ಒಬ್ಬ ಪುರೋಹಿತರು. ಬಗಲಲ್ಲಿ ಒಂದು ಚೀಲ, ಅದರೊಳಗೊಂದು ಪಂಚಾಂಗ, ಇಷ್ಟೇ ಅವರ ಆಸ್ತಿ. ಆದರೂ ಅವರ ಹೆಸರು ಕೇಳಿದರೆ ಸಾಕು, ನನ್ನ ಮೈ ಉರಿಯುತ್ತಿತ್ತು.

ಎರಡು ಸಾವಿರದ ದಶಕದ ಕೊನೆಯ ವರ್ಷಗಳವು. ನಾನು ಮರಾಠಿ ಸೀಮೆಯ ದಿಂಡೋರಿ ಹತ್ತಿರದ ಸಣ್ಣದೊಂದು ವೈನರಿಯಲ್ಲಿ ಕೆಮಿಸ್ಟ್ ಆಗಿದ್ದೆ. ಊರು ವಿಜಯಪುರದ ಕಡೆ. ದ್ರಾಕ್ಷಿ ಹಂದರದ ಕೆಳಗೇ ಆಡಿ ಬೆಳೆದು, ರಸಾಯನಶಾಸ್ತ್ರ ಓದಿ ಬಂದವನು. ವೈನಿನ ದ್ರಾಕ್ಷಿಯನ್ನು ಯಾವ ದಿನ ಕೊಯ್ಯುತ್ತೀರಿ ಅನ್ನುವುದರ ಮೇಲೆ ಇಡೀ ವರ್ಷದ ಹಣೆಬರಹ ನಿಂತಿರುತ್ತದೆ. ಅವಸರ ಮಾಡಿದರೆ ಸಕ್ಕರೆ ಸಾಲದೆ ವೈನು ನೀರುನೀರಾಗುತ್ತದೆ, ತಡ ಮಾಡಿದರೆ ಹುಳಿ ಇಳಿದು ಸಪ್ಪೆಯಾಗುತ್ತದೆ. ಅದಕ್ಕೇ ಜನವರಿ ಬಂತೆಂದರೆ ನಾನು ದಿನವೂ ಬೆಳಿಗ್ಗೆ ಬಳ್ಳಿಗಳ ಸಾಲಿನಲ್ಲಿ ಓಡಾಡಿ, ಹಣ್ಣು ಹಿಂಡಿ, ಹನಿ ರಸವನ್ನು ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ಸಕ್ಕರೆ ನೋಡುತ್ತಿದ್ದೆ. ಇಷ್ಟೆಲ್ಲ ಕಷ್ಟ ನನ್ನದು. ದಿನ ಹೇಳುವುದು ಮಾತ್ರ ಆ ಪುರೋಹಿತರು, ಎಲ್ಲರ ಬಾಯಲ್ಲಿ ಗುರೂಜಿ.

ನಮ್ಮ ಮಾಲೀಕರಾದ ಶೇಟ್ ಪರದೇಶದಿಂದ ಸ್ಟೀಲಿನ ಟ್ಯಾಂಕು ತರಿಸುತ್ತಿದ್ದರು, ಕೊಯ್ಲಿನ ಮುಹೂರ್ತಕ್ಕೆ ತ್ರ್ಯಂಬಕಕ್ಕೆ ಕಾರು ಕಳಿಸುತ್ತಿದ್ದರು. ಎರಡರಲ್ಲೂ ಅವರದು ಒಂದೇ ಶ್ರದ್ಧೆ. ಗುರೂಜಿ ಮೊದಲ ಕ್ರೇಟಿಗೆ ಕುಂಕುಮ ಹಚ್ಚಿ, ಹಣ್ಣು ಹಿಂಡುವ ಯಂತ್ರದ ಮುಂದೆ ತೆಂಗಿನಕಾಯಿ ಒಡೆದು ಅಲ್ಲೇ ನಿಂತುಬಿಡುತ್ತಿದ್ದರು. ರಸ ಹುದುಗುವ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ. ವೈನು ಎಂಬ ಮಾತನ್ನೂ ಆಡದೆ ದ್ರಾಕ್ಷಾರಸ ಅನ್ನುತ್ತಿದ್ದರು. ನನಗೆ ನಗು ಬರಬೇಕಿತ್ತು, ಬರುತ್ತಿರಲಿಲ್ಲ. ಶಾಲು ಅವರಿಗೆ, ಸಾಷ್ಟಾಂಗ ನಮಸ್ಕಾರ ಅವರಿಗೆ. ವೈನು ಚೆನ್ನಾಗಿ ಬಂದರೆ ಅದು ಗುರೂಜಿ ಕೊಟ್ಟ ದಿನದ ಗುಣ. ನನ್ನನ್ನು ಕಂಡರೆ ಶೇಟ್ ಕೇಳುತ್ತಿದ್ದುದು ಟ್ಯಾಂಕು ತೊಳೆಸಿದಿರಾ ಎಂದು.

ಇನ್ನೂ ಕಷ್ಟವೆಂದರೆ, ಗುರೂಜಿಯ ಮುಹೂರ್ತ ಪ್ರತಿ ವರ್ಷವೂ ನನ್ನ ಲೆಕ್ಕದ ದಿನಕ್ಕೇ ಸರಿಯಾಗಿ ಬೀಳುತ್ತಿತ್ತು. ತಪ್ಪಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಒಮ್ಮೆ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಬಾಯಿಬಿಟ್ಟೆ. "ಅದ್ಹೆಂಗ ಪ್ರತಿ ವರ್ಷ ಬರೋಬ್ಬರಿ ಬರ್ತದ ಇವರ ಮುಹೂರ್ತ?"

ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು. "ಅದರಾಗೇನದ್ರೀ? ನನಗ ಫೋನ್ ಮಾಡಿ ಕೇಳ್ತಾರಲ್ಲ."

"ಏನಂತ?"

"ನಿಮ್ಮ ಯಜಮಾನ್ರು ಯಾವ ದಿನ ಅಂತಾರ ತಾಯಿ, ಅಂತ. ನೀವು ಹೇಳಿದ್ದು ನಾ ಹೇಳ್ತೀನಿ. ಅವರು ಆ ದಿನದಾಗ ಒಂದು ಛಲೋ ಗಳಿಗಿ ಹುಡುಕಿ ಕೊಡ್ತಾರ."

ಗುರೂಜಿಗೆ ಕನ್ನಡ ಬರುತ್ತಿತ್ತು. ನಮ್ಮ ಕಡೆಯಿಂದ ತ್ರ್ಯಂಬಕಕ್ಕೆ ಬರುವ ಯಾತ್ರಿಕರಿಗೆ ತಲೆತಲಾಂತರದಿಂದ ಪೂಜೆ ಮಾಡಿಸುತ್ತ ಬಂದ ಮನೆತನ ಅವರದು. ಸುತ್ತ ಬರೀ ಮರಾಠಿ ಕೇಳಿ ಬೇಸತ್ತ ನನ್ನವಳಿಗೆ ಅವರ ಫೋನೆಂದರೆ ತವರಿನ ಫೋನಿದ್ದಂತೆ. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

"ನನ್ನ ದಿನ ಕದ್ದು ಅವರು ಶಾಲು ಹೊದ್ಕೋತಾರ ಅಂದಂಗಾತು!"

"ಕದಿಯೋದೇನ್ ಬಂತ್ರೀ? ನಿಮ್ಮ ಮಷೀನು, ಅವರ ಪಂಚಾಂಗ ಎರಡೂ ಕಚ್ಚಾಡಿದ್ರ ಹಣ್ಣು ಬಳ್ಳ್ಯಾಗ ಕೊಳೀತಾವ ಅಂದ್ರು. ನನಗೂ ಖರೇ ಅನಿಸ್ತು. ನೀವು ಸುಮ್ನ ಹೊಟ್ಟಿ ಉರಕೋಬ್ಯಾಡ್ರಿ."

ಉರಿಯುವ ಹೊಟ್ಟೆಗೆ ಹಾಗೆಲ್ಲ ಹೇಳಿದರೆ ಕೇಳುತ್ತದೆಯೇ? ಅವತ್ತಿನಿಂದ ನನ್ನದು ಒಂದೇ ಹಟ. ಒಂದಲ್ಲ ಒಂದು ವರ್ಷ ಕೊಯ್ಲಿನ ದಿನ ನನ್ನ ಹೆಸರಿನಲ್ಲಿ ನಿಗದಿಯಾಗಬೇಕು, ಎಲ್ಲರೂ ಅದನ್ನು ಕೇಳಬೇಕು.

ಮುಂದಿನ ಫೆಬ್ರುವರಿಯಲ್ಲಿ ಅಕಾಲ ಮಳೆಯ ಸುದ್ದಿ ಬಂತು. ಹವಾಮಾನದ ನಕ್ಷೆಗಳನ್ನೆಲ್ಲ ನೋಡಿದೆ. ಮೋಡ ನೇರವಾಗಿ ನಮ್ಮ ಮೇಲೇ ಬರುವಂತಿತ್ತು. ಸಕ್ಕರೆ ಇನ್ನೂ ಸ್ವಲ್ಪ ಏರಬೇಕಿತ್ತು, ಆದರೆ ಮಳೆ ಬಿದ್ದರೆ ಹಣ್ಣು ಒಡೆದು ಎಲ್ಲವೂ ಹೋಗುತ್ತಿತ್ತು. ನಾಳೆಯೇ ಕೊಯ್ಯೋಣ ಎಂದೆ. ನಾಳೆ ಅಮಾವಾಸ್ಯೆ, ಆಗುವುದೇ ಇಲ್ಲ ಎಂದರು ಶೇಟ್. ಹಲ್ಲು ಕಚ್ಚಿಕೊಂಡು ಗುರೂಜಿಗೆ ನಾನೇ ಫೋನು ಮಾಡಿದೆ. ಕಣ್ಣಿನ ಆಪರೇಷನ್ನಿಗೆಂದು ಅವರು ಔರಂಗಾಬಾದಿನಲ್ಲಿ ಮಗಳ ಮನೆಯಲ್ಲಿದ್ದರು. ಆ ಊರನ್ನು ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ.

ಅವರು ಕೇಳಿದ್ದು ಒಂದೇ ಮಾತು. "ನಿಮಗ ಪಕ್ಕಾ ಅದ ಏನ್ರಿ?"

"ಪಕ್ಕಾ ಅದ."

"ಫೋನು ಶೇಟ್ ಕೈಯಾಗ ಕೊಡ್ರಿ."

ಅವರೇನು ಹೇಳಿದರೋ, ಶೇಟ್ ಹೂಂಗುಟ್ಟಿದರು. ಮರುದಿನ ಅಮಾವಾಸ್ಯೆಯಂದೇ ಆಳುಗಳು ತೋಟಕ್ಕಿಳಿದು ಸಂಜೆಯೊಳಗೆ ಕೊಯ್ಲು ಮುಗಿಸಿದರು. ಮೋಡ ಬಂತು, ನಮ್ಮ ತಲೆಯ ಮೇಲೆ ಒಂದಿಷ್ಟು ಹೊತ್ತು ನಿಂತಿತು, ಹೋಯಿತು. ನೆಲ ನೆನೆಯುವಷ್ಟೂ ಮಳೆಯಾಗಲಿಲ್ಲ. ಆ ವರ್ಷದ ವೈನು ಬಾಯಿಗಿಡಲಾರದಷ್ಟು ತೆಳ್ಳಗಾಯಿತು.

ಶೇಟ್ ಕೆಂಡಾಮಂಡಲವಾದರು, ಗುರೂಜಿಯ ಮೇಲೆ. ನಾನು ಎದುರಿಗೆ ಹೋಗಿ ನಿಂತು, ಆ ದಿನ ಗೊತ್ತುಮಾಡಿದ್ದು ನಾನು, ತಪ್ಪಿದ್ದರೆ ನನ್ನದು ಎಂದೆ. ಅವರು ನಕ್ಕುಬಿಟ್ಟು ಮರಾಠಿಯಲ್ಲಿ ಅಂದರು. "ಇದರಲ್ಲಿ ನಿಮ್ಮದೇನಿದೆಯಪ್ಪಾ? ನೀವು ನೌಕರರು. ಅಮಾವಾಸ್ಯೆಯಾದರೂ ನಡೆಯುತ್ತದೆ ಅಂದವರು ಗುರೂಜಿ. ಲೆಕ್ಕ ತಪ್ಪಿತು ಅಂತ ಅವರೇ ಒಪ್ಪಿಕೊಂಡಿದ್ದಾರೆ."

ಗುರೂಜಿ ನನ್ನ ಹೆಸರನ್ನೇ ಎತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅವರ ಕಾಲಿಗೆ ಬೀಳುತ್ತಿದ್ದರು. ನನಗೆ ಮಾತ್ರ ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಹೊಗಳಿಕೆ ಅವರಿಗೆ ಹೋಗುವುದನ್ನು ಇಷ್ಟು ವರ್ಷ ಹೇಗೋ ನುಂಗಿದ್ದೆ. ಈಗ ಬೈಗುಳವೂ ಅವರಿಗೇ. ನಾನು ಮಾಡಿದ ತಪ್ಪು ಕೂಡ ನನ್ನದಾಗಲಿಲ್ಲವಲ್ಲ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಆ ವಾರವೆಲ್ಲ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮರುವರ್ಷ ತ್ರ್ಯಂಬಕಕ್ಕೆ ಕಾರು ಹೋಗಲಿಲ್ಲ. ಗುರೂಜಿ ಮಗಳ ಮನೆಯಲ್ಲೇ ಉಳಿದುಬಿಟ್ಟಿದ್ದರು. "ಈ ಸಲ ಪಂಚಾಂಗ ಬೇಡ, ನೀವೇ ದಿನ ಹೇಳಿ" ಎಂದರು ಶೇಟ್. ಬಯಸಿದ್ದು ಬಾಗಿಲಿಗೇ ಬಂದಿತ್ತು. ಸಕ್ಕರೆ ಏರಿತು, ಹುಳಿ ಹದಕ್ಕಿಳಿಯಿತು. ಇನ್ನೊಮ್ಮೆ ನೋಡಿ ನಾಳೆ ಹೇಳುತ್ತೇನೆ ಎಂದೆ. ನಾಳೆ ಬಂತು, ಅದನ್ನೇ ಹೇಳಿದೆ. ಈ ಸಲ ತಪ್ಪಿದರೆ ಬೈಗುಳ ಹೊರಲು ಗುರೂಜಿ ಇರಲಿಲ್ಲ.

"ಈಗೇನಾತ್ರೀ? ನೀವ ರಾಜಾ, ನೀವ ಮಂತ್ರಿ. ಹೇಳಿಬಿಡ್ರಿ!" ಎಂದು ಹೆಂಡತಿ ಕಾಡಿಸಿದಳು.

ಒಂದು ಭಾನುವಾರ, ಲ್ಯಾಬಿಗೆ ಸ್ಯಾಂಪಲ್ ಒಯ್ಯಬೇಕೆಂದು ಸುಳ್ಳು ಹೇಳಿ ಬಸ್ಸು ಹತ್ತಿ ಔರಂಗಾಬಾದಿಗೆ ಹೋದೆ. ಸಿಡ್ಕೋ ಬಡಾವಣೆಯ ಮನೆಯಲ್ಲಿ ಗುರೂಜಿ ದಪ್ಪ ಕನ್ನಡಕ ಹಾಕಿಕೊಂಡು ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಸೊರಗಿರಬಹುದು, ನೊಂದಿರಬಹುದು ಅಂದುಕೊಂಡಿದ್ದೆ. ನನಗಿಂತ ಚೆನ್ನಾಗಿದ್ದರು.

"ಸಕ್ಕರಿ ಬಂತೇನು?" ಎಂದರು, ಟೀವಿಯಿಂದ ಕಣ್ಣು ತೆಗೆಯದೆ.

"ಬಂತ್ರಿ."

"ಹುಳಿ?"

"ಬರೋಬ್ಬರಿ ಅದ."

"ಮತ್ತ ಇಷ್ಟು ದೂರ ಯಾಕ ಬಂದ್ರಿ? ನಾಳೆ ನಸುಕಿನ್ಯಾಗ ಶುರು ಮಾಡ್ರಿ."

ಪಂಚವಟಿಯಲ್ಲಿ, ಗುರುತಿನವರು ಯಾರೂ ಸಿಗದ ಒಂದು ಓಣಿಯಲ್ಲಿ ಕೊಂಡ ಪಂಚಾಂಗ ನನ್ನ ಚೀಲದಲ್ಲಿತ್ತು. ಅದರ ವಿಷಯ ಹೆಂಡತಿಗೂ ಹೇಳಿರಲಿಲ್ಲ. "ನಾಳೆ ಸೋಮವಾರ ಅದರೀ. ಮುಂಜಾನೆ ಏಳೂವರಿಯಿಂದ ಒಂಬತ್ತರ ತನಕ ರಾಹುಕಾಲ ಬರ್ತದ" ಎಂದು ತೊದಲಿದೆ.

ಆಗ ನನ್ನ ಕಡೆ ತಿರುಗಿದರು. ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪಂಚಾಂಗ ನೋಡ್ರಿ ಅಂತ ನಿಮಗ ಯಾರ್ ಹೇಳಿದ್ರು?"

ಮಗಳನ್ನು ಕರೆದು ನನಗೆ ಚಹಾ ಮಾಡಲು ಹೇಳಿ, ಮತ್ತೆ ಆಟದಲ್ಲಿ ಮುಳುಗಿಹೋದರು. ದಿನ ಹೇಳಿ, ಹೇಳಿದ್ದನ್ನು ಮರೆತು ಹೀಗೆ ನಿಶ್ಚಿಂತೆಯಿಂದ ಕೂರುವುದು ಅವರಿಗೆ ಬರುತ್ತಿತ್ತು. ನನ್ನ ಮೀಟರು ಅದನ್ನು ನನಗೆ ಕಲಿಸಿಕೊಟ್ಟಿರಲಿಲ್ಲ. ಚಹಾ ಕುಡಿಯುವಾಗಲೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.

ಸೋಮವಾರವೇ ಕೊಯ್ಲು ಎಂದು ಅಲ್ಲಿಂದಲೇ ಶೇಟ್‌ಗೆ ಫೋನು ಮಾಡಿ ಹೇಳಿದೆ. ವೈನಿನ ಹಣ್ಣಿಗೆ ಬಿಸಿಲು ತಾಗಬಾರದು, ನಸುಕಿನಲ್ಲೇ ಕೊಯ್ಯಬೇಕು ಎಂದು ಆಳುಗಳಿಗೆ ವರ್ಷವರ್ಷವೂ ಪಾಠ ಹೇಳಿದವನು ನಾನೇ. ಎಷ್ಟು ಗಂಟೆಗೆ ಜನರನ್ನು ಕರೆಸಲಿ ಎಂದು ಶೇಟ್ ಕೇಳಿದರು. ಒಂಬತ್ತರ ಮೇಲೆ ಬರಲಿ ಎಂದೆ.