ಓಬಳೇಶಪ್ಪನ ಕುದುರೆಯ ವಂಶ

ಕಾನಹೊಸಹಳ್ಳಿಯ ಓಬಳೇಶಪ್ಪನಿಗೆ ಒಂದಿಷ್ಟು ಹೊಲ, ಒಂದಿಷ್ಟು ಕುರಿ, ಹೆಂಡತಿ ತಿಪ್ಪೇರುದ್ರಮ್ಮ ಮತ್ತು ರಾಣಿ ಎಂಬ ಬಿಳಿ ಕುದುರೆ ಇದ್ದವು. ಊರಿನವರ ಮುಂದೆ ಆತ ಮಾತನಾಡುತ್ತಿದ್ದುದು ಕುದುರೆಯ ವಿಷಯ ಮಾತ್ರ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಮದುಮಕ್ಕಳು ಮೆರವಣಿಗೆಗೆ ಏರುತ್ತಿದ್ದುದು ರಾಣಿಯನ್ನೇ. ಅದು ಬ್ಯಾಂಡಿಗೆ ಬೆಚ್ಚುತ್ತಿರಲಿಲ್ಲ, ಪಟಾಕಿಗೆ ಕಿವಿಯನ್ನೂ ಅಲುಗಿಸುತ್ತಿರಲಿಲ್ಲ. ಕುಡಿದು ಕುಣಿಯುವ ಬೀಗರ ನಡುವೆ ನಿಂತಲ್ಲೇ ತೂಕಡಿಸುತ್ತಿತ್ತು.

ಇಷ್ಟು ಗುಣ ಸಾಲದೆಂದು ಓಬಳೇಶಪ್ಪ ಅದಕ್ಕೊಂದು ವಂಶವನ್ನೂ ಕಟ್ಟಿಕೊಟ್ಟಿದ್ದ. "ಇದರ ಮುತ್ತಜ್ಜಿ ರಾಜಸ್ಥಾನದ ಅರಮನೀದು. ಹರಪನಹಳ್ಳಿ ಪಾಳೇಗಾರ್ರು ತರಿಸಿದ್ದು. ಆ ರಕ್ತನ ಇದರ ಮೈಯಾಗ ಹರಿಯಾಕತ್ತೈತಿ" ಎನ್ನುತ್ತಿದ್ದ. ಕೇಳುವವರು ಮೈಲಾರದ ಕಡೆಯವರಾದರೆ ಮೈಲಾರಲಿಂಗನ ಕುದುರೆಯ ಸಂಬಂಧವನ್ನೂ ಸೇರಿಸುತ್ತಿದ್ದ. ಆದರೆ ರಾಣಿಯನ್ನು ಆತ ಕೊಂಡು ತಂದದ್ದು, ಟಾಂಗಾ ಬಿಟ್ಟು ಆಟೋ ತೆಗೆದುಕೊಂಡ ಒಬ್ಬ ಮುದುಕನಿಂದ. ಅದು ಗಂಡ ಹೆಂಡತಿ ಇಬ್ಬರಿಗೇ ಗೊತ್ತಿದ್ದ ಮಾತು.

ಒಂದು ದಿನ ಪಶು ಆಸ್ಪತ್ರೆಯ ಡಾಕ್ಟರು ವಾಣಿಶ್ರೀ ಮನೆಗೆ ಬಂದರು. ಬೇರೆ ಜಿಲ್ಲೆಯಲ್ಲಿ ಕುದುರೆಗಳಿಗೆ ಅಂಟುಜ್ವರ ಕಾಣಿಸಿದೆ, ವೈರಸ್ಸಿನಿಂದ ಬರುವಂಥದ್ದು, ನೊಣ ಕಚ್ಚಿ ಹರಡುತ್ತದೆ, ಔಷಧವಿಲ್ಲ. ಹಾಗಾಗಿ ಇಲ್ಲಿನ ಕುದುರೆಗಳದ್ದೆಲ್ಲ ರಕ್ತ ಪರೀಕ್ಷೆ ಆಗಬೇಕು ಎಂದರು.

"ರಕ್ತದಾಗ ಏನೇನು ಗೊತ್ತಾಗತೈತ್ರಿ ಮೇಡಂ?" ಎಂದು ಓಬಳೇಶಪ್ಪ ಕೇಳಿದ.

"ಎಲ್ಲಾ ಗೊತ್ತಾಗತೈತಿ. ರಕ್ತದಾಗ ಏನೂ ಮುಚ್ಚಿಡಾಕ ಬರಂಗಿಲ್ಲ. ನಾಳೆ ಬರ್ತೀವಿ, ಕುದುರಿ ಮನಿಯಾಗ ಇರ್ಲಿ" ಎಂದು ಅವಸರದಲ್ಲಿದ್ದ ಡಾಕ್ಟರು ಜೀಪು ಹತ್ತಿದರು.

ಓಬಳೇಶಪ್ಪ ಹೆಂಡತಿಯನ್ನು ಕೊಟ್ಟಿಗೆಯ ಮೂಲೆಗೆ ಕರೆದ. "ಧಾರಾವಾಹ್ಯಾಗ ನೋಡಿಲ್ಲೇನು? ರಕ್ತ ತೆಗೆದ್ರ ಅಪ್ಪ ಯಾರು, ಅವ್ವ ಯಾರು, ಎಲ್ಲಾ ಹೊರಗ ಬರತೈತಿ" ಎಂದು ಪಿಸುಗುಟ್ಟಿದ.

"ಅವ್ರು ಜ್ವರ ನೋಡಾಕ ಬರಾಕತ್ತಾರ, ಹೆಣ್ಣು ನೋಡಾಕಲ್ಲ" ಎಂದಳು ತಿಪ್ಪೇರುದ್ರಮ್ಮ.

ಆತ ಕೇಳಲಿಲ್ಲ. ಬೆಳಗಾಗುವುದರೊಳಗೆ ಕುದುರೆಯನ್ನು ಗುಡೇಕೋಟೆಗೆ ಹೊಡೆದುಕೊಂಡು ಹೋಗಿ ಹೆಂಡತಿಯ ತಮ್ಮ ಹುಲುಗೇಶನ ಕುರಿಹಟ್ಟಿಯಲ್ಲಿ ಕಟ್ಟಿ, ಬಸ್ಸು ಹತ್ತಿ ವಾಪಸು ಬಂದ. ಅಷ್ಟರಲ್ಲಿ ಡಾಕ್ಟರು ಬಂದು ಖಾಲಿ ಕೊಟ್ಟಿಗೆ ನೋಡಿ ಹೋಗಿದ್ದರು. ಕುದುರೆ ಎಲ್ಲಿ ಎಂದದ್ದಕ್ಕೆ ತಿಪ್ಪೇರುದ್ರಮ್ಮ ಬೇರೇನೂ ತೋಚದೆ "ಬೀಗರ ಊರಿಗೆ ಹೋಗೈತ್ರಿ" ಎಂದಿದ್ದಳು.

ಸುದ್ದಿಗೆ ಬಸ್ಸು ಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಕಾನಹೊಸಹಳ್ಳಿಯಲ್ಲಿ ಕುದುರೆಗೆ ಜ್ವರ ಬಂದಿತ್ತು, ಕೊಟ್ಟೂರಿನಲ್ಲಿ ಅದು ಸತ್ತಿತ್ತು. ಹಗರಿಬೊಮ್ಮನಹಳ್ಳಿ ತಲುಪುವಾಗ ರೋಗ ಓಬಳೇಶಪ್ಪನಿಗೇ ಅಂಟಿತ್ತು. ಹೋಟೆಲಿನಲ್ಲಿ ಎಲ್ಲರಿಗೂ ಗಾಜಿನ ಲೋಟದಲ್ಲಿ ಚಹಾ ಬಂದರೆ ಆತನಿಗೆ ಮಾತ್ರ ಪೇಪರ್ ಕಪ್ ಬಂತು. ಕೊಟ್ಟೂರಿನ ಸಿಮೆಂಟು ವ್ಯಾಪಾರಿ ಹಾಲೇಶಪ್ಪ ಫೋನು ಮಾಡಿ, ಮಗ ಪ್ರವೀಣಕುಮಾರನ ಮೆರವಣಿಗೆಗೆ ಕುದುರೆ ಬೇಡ, ತೆರೆದ ಜೀಪು ಗೊತ್ತು ಮಾಡಿದ್ದೇವೆ ಎಂದ.

"ಸಾವ್ಕಾರ್ರ, ಅರಮನಿ ರಕ್ತದ ಕುದುರಿ ಅದು" ಎಂದ ಓಬಳೇಶಪ್ಪ.

"ರಕ್ತದ್ದ ತೊಂದ್ರಿ ಅಂತ ಕೇಳೀವಪ್ಪಾ" ಎಂದು ಹಾಲೇಶಪ್ಪ ಫೋನಿಟ್ಟ.

ಮರುದಿನ ಹುಲುಗೇಶನೂ ಕರೆ ಮಾಡಿದ. "ಮಾವ, ನಿನ್ನ ಕುದುರಿ ಮೇವು ಮುಟ್ಟವಲ್ದು. ನನ್ನ ಕುರಿಗೆ ಅಂಟಿದ್ರ ಯಾರು ಜವಾಬ್ದಾರಿ? ಹೊಡ್ಕಂಡು ಹೋಗು."

ಗುಡೇಕೋಟೆಯಲ್ಲಿ ರಾಣಿ ತಲೆ ಇಳಿಬಿಟ್ಟು ನಿಂತಿತ್ತು. ಕೊರಳ ಮೇಲೆ ನೊಣ ಕೂತಿದ್ದವು. ಓಬಳೇಶಪ್ಪ ಅದರ ಮೈ ಮುಟ್ಟಿ ನೋಡಿದ. ನಿಜವಾಗಿಯೂ ಜ್ವರ ಬಂದಿದ್ದರೆ? ಈವರೆಗೆ ಆ ಯೋಚನೆಯೇ ಆತನಿಗೆ ಬಂದಿರಲಿಲ್ಲ. ಮುತ್ತಜ್ಜಿಯ ಚಿಂತೆಯಲ್ಲಿ ಕುದುರೆಯನ್ನೇ ಮರೆತಿದ್ದ. ಟವೆಲಿನಿಂದ ನೊಣ ಹೊಡೆಯುತ್ತ, ಹಾಡುಹಗಲೇ, ಜನ ನೋಡುತ್ತಿದ್ದಂತೆ ರಾಣಿಯನ್ನು ನಡೆಸಿಕೊಂಡು ನೇರ ಪಶು ಆಸ್ಪತ್ರೆಗೆ ಬಂದ.

"ಮೇಡಂ, ಇದರ ಅವ್ವ ಟಾಂಗಾ ಎಳೀತಿತ್ತು. ಇದೂ ಎಳದೈತಿ. ರಿಪೋರ್ಟಿನ್ಯಾಗ ಅದು ಬಂದ್ರ ಬರ್ಲಿ. ಜ್ವರ ಐತ್ಯೋ ಇಲ್ಲೋ, ಅಷ್ಟ ಹೇಳ್ರಿ."

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಆದಮೇಲೆ ನಗು ತಡೆದುಕೊಂಡು, "ಅದು ಬ್ಯಾರೆ ಪರೀಕ್ಷೆ ಅಪ್ಪಾರ. ಇದರಾಗ ರೋಗ ಒಂದ ಗೊತ್ತಾಗತೈತಿ" ಎಂದರು. ಕಾಂಪೌಂಡರ್ ಗುರುಶಾಂತ ಹಗ್ಗ ಹಿಡಿದ. ಕೊರಳಿನ ನರಕ್ಕೆ ಸೂಜಿ ಹಾಕಿ ರಕ್ತ ತೆಗೆಯುವಾಗ ರಾಣಿ ತೂಕಡಿಸುತ್ತಿತ್ತು. ಓಬಳೇಶಪ್ಪ ಮಾತ್ರ ಗೋಡೆ ಹಿಡಿದು ಕುಕ್ಕರಿಸಿದ.

ವರದಿ ಬರುವವರೆಗೆ ಆತ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಮನೆಗೆ ಬಂದ ರಾಣಿ ಎಂದಿನಂತೆ ಮೇವು ತಿನ್ನತೊಡಗಿತು, ಈತನ ಊಟವೇ ಕಮ್ಮಿಯಾಯಿತು. ಕೊನೆಗೆ ಗುರುಶಾಂತನೇ ಬಂದು, ಸೇರಿದ್ದ ಜನರ ಮುಂದೆ, "ರಕ್ತ ಚಲೋ ಐತಂತ. ಏನೂ ದೋಷ ಇಲ್ಲ" ಎಂದ.

ಉಳಿದದ್ದನ್ನು ಊರೇ ಮಾಡಿತು. ಅರಮನೆಯ ರಕ್ತವೆಂದು ಸರ್ಕಾರವೇ ಬರೆದುಕೊಟ್ಟಿದೆ ಎಂಬ ಸುದ್ದಿ ಹಬ್ಬಿತು. ಓಬಳೇಶಪ್ಪ ಹೋಟೆಲಿನಲ್ಲಿ, "ಅಲ್ರಪ್ಪಾ, ಇದು ಟಾಂಗಾದ ಕುದುರಿ" ಎಂದು ಹೇಳಿ ನೋಡಿದ. ದೊಡ್ಡ ಕುದುರೆ ಇಟ್ಟುಕೊಂಡೂ ಎಷ್ಟು ವಿನಯ ನೋಡಿ ಎಂದು ಜನ ಮೆಚ್ಚಿದರು.

ಹಾಲೇಶಪ್ಪ ಜೀಪು ಬಿಡಿಸಿ ಮತ್ತೆ ಕುದುರೆ ಕೇಳಿದ. ಆತನಿಗೂ ಓಬಳೇಶಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ. ಹಾಲೇಶಪ್ಪ ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

"ಆತು ಬಿಡು. ಬೀಗರ ಮುಂದ ಮಾತ್ರ ಬಾಯಿ ಬಿಡಬ್ಯಾಡ. ಅವ್ರು ಮನೆತನ ನೋಡಾ ಮಂದಿ."

ಮದುವೆಯ ದಿನ ಹೆಣ್ಣಿನ ಸೋದರಮಾವ ಕುದುರೆಯ ಬೆನ್ನು ಸವರಿ, ಇದು ಯಾವ ಕಡೆಯದು ಎಂದು ವಿಚಾರಿಸಿದ. ಓಬಳೇಶಪ್ಪ ಬಾಯಿ ತೆರೆಯುವ ಮೊದಲೇ ಹಾಲೇಶಪ್ಪ ರಾಜಸ್ಥಾನದಿಂದ ಶುರು ಮಾಡಿ, ಯಾವುದೋ ಯುದ್ಧವನ್ನೂ ಸೇರಿಸಿದ. ಓಬಳೇಶಪ್ಪ ಬಕೆಟು ಎತ್ತಿಕೊಂಡು ರಾಣಿಗೆ ನೀರು ತರಲು ನಲ್ಲಿಯ ಕಡೆ ಹೋದ.